ಬಣ್ಣ ಹೋಯಿತು, ಮುಳ್ಳು ಉಳಿಯಿತು

ಹೊರನಾಡಿನಿಂದ ಬಂದ ವಸ್ತುಗಳಿಗೆ ‘ಸೀಮೆ’ ಎಂಬ ಮಾತನ್ನು ಸೇರಿಸಿ ಹೆಸರಿಡುವ ವಾಡಿಕೆ ನಮ್ಮಲ್ಲಿ ಹಿಂದಿನಿಂದಲೂ ಇದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆ ಎಂದು ಈ ಪಟ್ಟಿಯನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಪರಂಗಿ ಹಣ್ಣು ಪರಂಗಿಯವರ ಕಾಲದಲ್ಲಿ ಬಂದದ್ದೆಂಬುದನ್ನು ಅದರ ಹೆಸರೇ ಸಾರುತ್ತದೆ. ಕರಿಮೆಣಸನ್ನು ಮಾತ್ರ ಬಲ್ಲವರಾಗಿದ್ದ ನಮ್ಮ ಹಿರಿಯರು ಅಮೆರಿಕದ ಖಾರದ ಕಾಯನ್ನು ಕಂಡಾಗ ಅದಕ್ಕೆ ‘ಮೆಣಸಿನಕಾಯಿ’ ಎಂದು ಹೆಸರಿಟ್ಟು ಮನೆಯೊಳಗೆ ಸೇರಿಸಿಕೊಂಡರು. ಇಂದು ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಸಾರಿನ ಪುಡಿಯನ್ನು ನಮ್ಮ ಹೆಂಗಸರು ಒಪ್ಪುವರೇ? ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಗೋಡಂಬಿ ಇವೆಲ್ಲವೂ ಸಮುದ್ರ ದಾಟಿ ಬಂದವೇ.

ಆದುದರಿಂದ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ಹೇಳುವ ಹಕ್ಕು ಸೌಕಾರ್‌ಪೇಟೆಯಲ್ಲಿ ವಾಸಿಸುವ ನಮಗಂತೂ ಇಲ್ಲ. ‘ಸಾಹುಕಾರರ ಪೇಟೆ’ ಎಂಬ ಹೆಸರನ್ನು ಹೊತ್ತ ಈ ಬೀದಿಗಳಲ್ಲಿ ತಮಿಳರು, ತೆಲುಗರು, ಗುಜರಾತಿಗಳು, ಮಾರವಾಡಿಗಳು, ಕನ್ನಡಿಗರು ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದವರೇ. ಬಂದವರು ಊರನ್ನು ಬೆಳೆಸಿದರು, ತಾವೂ ಬೆಳೆದರು.

ಆದರೆ ಗಿಡ, ಹುಳು, ಮೀನುಗಳ ಲೋಕದಲ್ಲಿ ಕೆಲವು ಅತಿಥಿಗಳ ರೀತಿಯೇ ಬೇರೆ. ಅವು ಬಂದ ಮೇಲೆ ಇದ್ದವುಗಳಿಗೆ ಜಾಗವಿಲ್ಲದಂತೆ ಹಬ್ಬುತ್ತವೆ. ವಿಜ್ಞಾನಿಗಳು ಇವುಗಳನ್ನು ಆಕ್ರಮಣಕಾರಿ ಜೀವಿಗಳೆಂದು ಕರೆಯುತ್ತಾರೆ. ದೇಶದೇಶಗಳ ನಡುವೆ ವ್ಯಾಪಾರ ಹೆಚ್ಚಿದಂತೆಲ್ಲ ಇವುಗಳ ಸಂಚಾರವೂ ಹೆಚ್ಚುತ್ತಿದೆ. ಇದನ್ನು ತೀರ ಈಚಿನ ವಿದ್ಯಮಾನವೆಂದು ಭಾವಿಸುವವರು ಬಹಳ. ಆದರೆ ಇದರ ಒಂದು ಹಳೆಯ, ಬೋಧಪ್ರದವಾದ ಅಧ್ಯಾಯ ನಾವು ವಾಸಿಸುವ ಈ ಊರಿನಲ್ಲೇ, ಸೌಕಾರ್‌ಪೇಟೆಯಿಂದ ಕೆಲವೇ ಮೈಲಿಗಳ ದೂರದಲ್ಲಿ, 18ನೆಯ ಶತಮಾನದ ಕೊನೆಯಲ್ಲಿ ನಡೆಯಿತು. ಬಿ.ಎಸ್ಸಿ. ಓದಿ ಗುಮಾಸ್ತಗಿರಿಗೆ ಸೇರಿದ ನನ್ನಂಥವನಿಗೆ ವಿಜ್ಞಾನವೂ ಕಡತವೂ ಕೂಡಿಕೊಂಡ ಈ ಕಥೆ ಬಹಳ ಹಿಡಿಸಿತು. ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಕೆಂಪು ಬಣ್ಣದ ಆಸೆ

ಮೆಕ್ಸಿಕೋ ದೇಶದಲ್ಲಿ ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಪುಟ್ಟ ಹುಳುವಿದೆ. ಅದರ ಹೆಸರು ಕಾಚಿನೀಲ್. ಹೆಣ್ಣುಹುಳುಗಳನ್ನು ಕೆರೆದು ತೆಗೆದು, ಒಣಗಿಸಿ ಪುಡಿಮಾಡಿದರೆ ಗಾಢವಾದ ಕೆಂಪು ಬಣ್ಣ ದೊರೆಯುತ್ತದೆ. ಒಂದು ಪೌಂಡ್ ಬಣ್ಣದ ಸರಕಿಗೆ ಸುಮಾರು 70,000 ಹುಳುಗಳು ಬೇಕು. ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಮೇಲೆ ಈ ಬಣ್ಣ ಯೂರೋಪಿನಲ್ಲಿ ಚಿನ್ನ ಬೆಳ್ಳಿಗಳ ಸಾಲಿನಲ್ಲಿ ನಿಂತಿತು. ಸ್ಪೇನ್ ಇದರ ಗುಟ್ಟನ್ನು ಎರಡು ಶತಮಾನಗಳಿಗೂ ಹೆಚ್ಚು ಕಾಲ ಭದ್ರವಾಗಿ ಕಾಪಾಡಿಕೊಂಡಿತು. ಇಂಗ್ಲಿಷರಿಗೆ ತಮ್ಮ ಅಧಿಕಾರಿಗಳ ಕೆಂಪು ಕೋಟಿಗೆ, ಶ್ರೀಮಂತರ ಬಟ್ಟೆಗೆ ಈ ಬಣ್ಣ ಬೇಕೇ ಬೇಕು. ಕೊಳ್ಳಬೇಕಾದರೆ ಸ್ಪೇನಿನವರ ಮುಂದೆ ಹಣ ಸುರಿಯಬೇಕು.

ಚೋಳಮಂಡಲ ತೀರದಲ್ಲಿ ಕೆಂಪು ಬಣ್ಣ ಇರಲಿಲ್ಲವೆಂದಲ್ಲ. ಚಾಯಬೇರು ಎಂಬ ಗಿಡದ ಬೇರಿನಿಂದ ಇಲ್ಲಿನ ಬಣ್ಣಗಾರರು ಹತ್ತಿಬಟ್ಟೆಗೆ ಹಾಕುತ್ತಿದ್ದ ಕೆಂಪನ್ನು ಕಂಡು ಯೂರೋಪಿನವರು ಬೆರಗಾಗಿದ್ದರು. ಮದ್ರಾಸು ಒಂದು ಪಟ್ಟಣವಾಗಿ ಬೆಳೆದದ್ದೇ ಈ ಬಟ್ಟೆಯ ವ್ಯಾಪಾರದಿಂದ. ಆದರೆ ಉಣ್ಣೆಗೆ, ರೇಷ್ಮೆಗೆ ಕಾಚಿನೀಲಿಗೆ ಸಾಟಿಯಿಲ್ಲವೆಂಬುದು ಆಗಿನ ನಂಬಿಕೆ.

ಇಂಥ ಸಮಯದಲ್ಲಿ ಮದ್ರಾಸಿನಲ್ಲಿ ಡಾಕ್ಟರ್ ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟ್ಲೆಂಡಿನ ವೈದ್ಯರಿದ್ದರು. ಅವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಭಾಗದ ಮುಖ್ಯಸ್ಥರು, ಗಿಡಮರಗಳ ಹುಚ್ಚಿನವರು. ನುಂಗಂಬಾಕ್ಕಂನಲ್ಲಿ ಅವರದೊಂದು ದೊಡ್ಡ ತೋಟವಿತ್ತು. 1786ರ ಕೊನೆಯಲ್ಲಿ ಅವರು ಮದ್ರಾಸಿನ ಹುಲ್ಲಿನ ಮೇಲೆ ಕಾಚಿನೀಲನ್ನು ಹೋಲುವ ಒಂದು ಹುಳುವನ್ನು ಕಂಡು, ಲಂಡನ್ನಿನ ಪ್ರಸಿದ್ಧ ವಿಜ್ಞಾನಿ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದರು. ಪತ್ರಗಳ ಮೇಲೆ ಪತ್ರಗಳು ಹೋದವು. ಅವುಗಳನ್ನು ಮದ್ರಾಸಿನಲ್ಲೇ ಅಚ್ಚು ಹಾಕಿಸಿದರು. ಪರೀಕ್ಷೆ ಮಾಡಿ ನೋಡಿದಾಗ ಆ ಹುಳುವಿನಿಂದ ಬಣ್ಣಕ್ಕೆ ಪ್ರಯೋಜನವಿಲ್ಲವೆಂದು ತಿಳಿಯಿತು. ಆದರೆ ಕಂಪನಿಯ ಆಸೆ ಮಾತ್ರ ಚಿಗುರಿತು. ನಮ್ಮ ಹುಳು ಬಾರದಿದ್ದರೇನು, ಮೆಕ್ಸಿಕೋದ ಹುಳುವನ್ನೇ ತಂದು ಸಾಕೋಣ ಎಂದು ನಿರ್ಧಾರವಾಯಿತು.

ಹುಳು ಬರುವ ಮೊದಲು ಅದಕ್ಕೆ ಊಟ ಸಿದ್ಧವಾಗಿರಬೇಕಲ್ಲವೇ? 1789ರ ಸುಮಾರಿಗೆ ಸೈದಾಪೇಟೆಯಲ್ಲಿ ಅಡ್ಯಾರು ನದಿಯ ಬಳಿ ಕಂಪನಿಯ ಖರ್ಚಿನಲ್ಲಿ ಒಂದು ಕಳ್ಳಿಯ ತೋಟ ಎದ್ದಿತು. ಮೆಕ್ಸಿಕೋದಲ್ಲಿ ಕಳ್ಳಿಗೆ ‘ನೋಪಲ್’ ಎಂದು ಹೆಸರು. ಆ ಕಾರಣ ತೋಟಕ್ಕೆ ‘ನೋಪಲ್ರಿ’ ಎಂದು ನಾಮಕರಣ. ಆಂಡರ್ಸನ್ನರ ಸೋದರಸಂಬಂಧದ ಆಂಡ್ರೂ ಬೆರ್ರಿ ಎಂಬ ಇನ್ನೊಬ್ಬ ವೈದ್ಯರು ಅದರ ಮೇಲ್ವಿಚಾರಕರು. ಲಂಡನ್ನಿನ ಕ್ಯೂ ಉದ್ಯಾನದಿಂದ ಹಿಡಿದು ಬೇರೆ ಬೇರೆ ಕಡೆಗಳಿಂದ ಕಳ್ಳಿಯ ತಳಿಗಳು ಬಂದವು. ಬೆಳೆದ ಗಿಡಗಳು ಅಲ್ಲಿಂದ ಬೇರೆ ಊರುಗಳಿಗೂ ಹಂಚಿಕೆಯಾದವು.

ಕಳ್ಳಿಯನ್ನು ನಮ್ಮ ದೇಶಕ್ಕೆ ಮೊದಲು ತಂದವರು ಆಂಡರ್ಸನ್ನರೇ ಎಂದು ಹೇಳಲಾಗದು. ಅವರಿಗಿಂತ ಮುಂಚೆಯೇ ಅದು ಬಂದು ಅಲ್ಲಲ್ಲಿ ಹೊಲಗಳ ಬೇಲಿಯಾಗಿ ನಿಂತಿತ್ತು. ಆದರೆ ಸರ್ಕಾರವೇ ಹಣ ಕೊಟ್ಟು, ತೋಟ ಮಾಡಿ, ತಳಿ ತರಿಸಿ, ಹಂಚಿ, ಕಳ್ಳಿಗೆ ಒಂದು ರಾಜಮರ್ಯಾದೆ ದೊರೆತದ್ದು ಈ ಮದ್ರಾಸಿನಲ್ಲಿ.

ಬಂದ ಹುಳು ಯಾವುದು?

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವರು ಬ್ರೆಜಿಲಿನ ರಿಯೋ ಡಿ ಜನೈರೋದಿಂದ ಹುಳುಗಳಿದ್ದ ಕಳ್ಳಿಯನ್ನು ಹಡಗಿನಲ್ಲಿಟ್ಟುಕೊಂಡು ಕಲ್ಕತ್ತೆಗೆ ಬಂದರು. ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ಬದುಕಿ ಉಳಿದ ಹುಳುಗಳು ಕೆಲವೇ ಕೆಲವು. ಅವುಗಳ ಸಂತಾನ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಬೆಳೆದು, ಬಳಿಕ ಮದ್ರಾಸಿಗೂ ಬಂತು. ಎಲ್ಲರೂ ಸಂತೋಷಪಟ್ಟರು.

ಆದರೆ ಬಂದದ್ದು ಮೆಕ್ಸಿಕೋದಲ್ಲಿ ಜನ ತಲೆಮಾರುಗಳಿಂದ ಸಾಕಿ ಸಂಸ್ಕರಿಸಿದ ಒಳ್ಳೆಯ ಕಾಚಿನೀಲ್ ಅಲ್ಲ. ಅದೊಂದು ಕಾಡುಜಾತಿ. ಅದರ ಬಣ್ಣ ಕಡಿಮೆ ದರ್ಜೆಯದು, ಪ್ರಮಾಣವೂ ಸ್ವಲ್ಪ. ಲಂಡನ್ನಿನ ಮಾರುಕಟ್ಟೆಯಲ್ಲಿ ಮದ್ರಾಸಿನ ಸರಕಿಗೆ ಸರಿಯಾದ ಬೆಲೆ ಬರಲಿಲ್ಲ. ಶತಮಾನ ತಿರುಗುವ ಹೊತ್ತಿಗೆ ಸೈದಾಪೇಟೆಯ ತೋಟದ ಕಥೆ ಮುಗಿದಿತ್ತು. 1809ರಲ್ಲಿ ಆಂಡರ್ಸನ್ ತೀರಿಕೊಂಡರು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕೃತಕ ಬಣ್ಣವನ್ನು ಕಂಡುಹಿಡಿದ. ಮುಂದಿನ ಕೆಲವು ದಶಕಗಳಲ್ಲಿ ಕಾರ್ಖಾನೆಯ ಬಣ್ಣಗಳು ಬಂದು, ಕಾಚಿನೀಲಿನ ಪ್ರಪಂಚ ವ್ಯಾಪಾರವೇ ಕುಸಿಯಿತು.

ಹೀಗೆ ಯಾವ ಬಣ್ಣಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಬಣ್ಣ ಹೋಯಿತು. ಮುಳ್ಳು ಮಾತ್ರ ಉಳಿಯಿತು.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಪಾಪಾಸುಕಳ್ಳಿಯ ಒಂದು ಎಲೆಯಂಥ ತುಂಡು ಮುರಿದು ಬಿದ್ದರೂ ಅದು ಬೇರೂರಿ ಗಿಡವಾಗುತ್ತದೆ. ಅದರ ಕೆಂಪು ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಊರೂರಿಗೆ ಹಂಚುತ್ತವೆ. ದನ ಮೇಯುವುದಿಲ್ಲ, ಮಳೆ ಬಾರದಿದ್ದರೂ ಸಾಯುವುದಿಲ್ಲ. ಕಡಿದು ಹಾಕಿದರೆ ಒಂದು ಹತ್ತಾಗುತ್ತದೆ. ರೈತನಿಗೆ ಮೊದಲು ಇದು ಬಿಟ್ಟಿ ಬೇಲಿಯಾಗಿ ಒದಗಿತು. ಕೋಟೆಯವರಿಗೂ ಮುಳ್ಳಿನ ಬೇಲಿ ಬೇಕಾಗಿತ್ತು. 1791ರಲ್ಲಿ ಇಂಗ್ಲಿಷರು ಬೆಂಗಳೂರಿನ ಪೇಟೆಯನ್ನು ಮುತ್ತಿದಾಗ ಅದರ ಸುತ್ತ ಮುಳ್ಳುಗಿಡಗಳ ದಟ್ಟವಾದ ವಲಯವಿತ್ತು. ಮುಂದಿನ ವರ್ಷ ಶ್ರೀರಂಗಪಟ್ಟಣದಲ್ಲೂ ಅವರು ಅಂಥದೇ ಬೇಲಿಯನ್ನು ಎದುರಿಸಬೇಕಾಯಿತು.

ಬೇಲಿಯಾಗಿದ್ದ ಕಳ್ಳಿ ಹೊಲದೊಳಕ್ಕೆ ಬಂತು, ಗೋಮಾಳಕ್ಕೆ ಬಂತು, ಕೆರೆಯ ಏರಿಗೆ ಬಂತು, ಊರಬಾಗಿಲಿಗೂ ಬಂತು. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಹಾವು ಚೇಳುಗಳಿಗೆ ಆಶ್ರಯ, ದನಗಳಿಗೆ ಹುಲ್ಲಿಲ್ಲ. ಬರಗಾಲದಲ್ಲಿ ಮುಳ್ಳನ್ನು ಸುಟ್ಟು ಕಳ್ಳಿಯನ್ನೇ ದನಗಳಿಗೆ ತಿನ್ನಿಸುವ ಪ್ರಯತ್ನಗಳೂ ನಡೆದವು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಬಣ್ಣಕ್ಕೆ ಬಾರದೆಂದು ತಿರಸ್ಕೃತವಾದ ಆ ಕಾಡುಜಾತಿಯ ಹುಳು ಸುಮ್ಮನೆ ಕುಳಿತಿರಲಿಲ್ಲ. ಅದು ಒಂದು ಜಾತಿಯ ಕಳ್ಳಿಯನ್ನು ಹುಡುಕಿ ಹುಡುಕಿ ತಿಂದು, ಹಲವು ಕಡೆ ಅದನ್ನು ಇಲ್ಲವೆನ್ನಿಸಿತು. ಇದನ್ನು ಕಂಡವರು 19ನೆಯ ಶತಮಾನದ ಮಧ್ಯದಲ್ಲಿ ಅದೇ ಹುಳುವನ್ನು ಸಿಂಹಳಕ್ಕೆ ಒಯ್ದು ಅಲ್ಲಿನ ಕಳ್ಳಿಯ ಮೇಲೆ ಬಿಟ್ಟರು. ಒಂದು ಕಳೆಯನ್ನು ಅದರ ಶತ್ರುವಿನಿಂದಲೇ ನಿಗ್ರಹಿಸುವ ಶಾಸ್ತ್ರದ ಇತಿಹಾಸದಲ್ಲಿ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಇದೂ ಒಂದೆಂದು ಇಂದಿಗೂ ಹೆಸರಿಸುತ್ತಾರೆ. ಆದರೆ ಕಳ್ಳಿಯ ಇನ್ನೊಂದು ಜಾತಿ ಈ ಹುಳುವಿಗೆ ರುಚಿಸಲಿಲ್ಲ. ಖಾಲಿಯಾದ ಜಾಗಕ್ಕೆ ಆ ಜಾತಿ ನುಗ್ಗಿತು. ದಕ್ಷಿಣ ಭಾರತದ ಒಣಭೂಮಿಗಳನ್ನು ಆವರಿಸಿ ಕಾಟ ಕೊಟ್ಟದ್ದು ಮುಖ್ಯವಾಗಿ ಇದೇ.

ಕೊನೆಗೆ 1926ರಲ್ಲಿ ಸಿಂಹಳದಿಂದ ಬೇರೊಂದು ಜಾತಿಯ ಕಾಚಿನೀಲ್ ಹುಳುವನ್ನು ಮದ್ರಾಸು ಪ್ರಾಂತಕ್ಕೆ ತಂದು ಬಿಟ್ಟರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರ್, ಅಂದರೆ ಒಂದು ಲಕ್ಷ ಎಕರೆ ಭೂಮಿ ಕಳ್ಳಿಯಿಂದ ಬಿಡುಗಡೆ ಹೊಂದಿತು. ಆಂಡರ್ಸನ್ನರ ಪತ್ರದಿಂದ ಈ ಬಿಡುಗಡೆಯವರೆಗೆ 140 ವರ್ಷ! ಐದಾರು ತಲೆಮಾರಿನ ರೈತರು ಮುಳ್ಳು ಕಡಿದರು.

ಇದೇ ಕಾಲದಲ್ಲಿ ಆಸ್ಟ್ರೇಲಿಯದಲ್ಲೂ ಇಂಥದೇ ಕಥೆ ನಡೆಯಿತು. 1788ರಲ್ಲಿ ಸಿಡ್ನಿಗೆ ಇಳಿದ ಮೊದಲ ಇಂಗ್ಲಿಷ್ ಹಡಗುಗಳು ದಾರಿಯಲ್ಲಿ ಬ್ರೆಜಿಲಿನಿಂದ ಕಳ್ಳಿಯನ್ನೂ ಹುಳುವನ್ನೂ ಕೊಂಡೊಯ್ದಿದ್ದವು. ಉದ್ದೇಶ ಅದೇ ಕೆಂಪು ಬಣ್ಣ. ಮುಂದೆ ಬೇರೆ ಜಾತಿಯ ಕಳ್ಳಿಗಳೂ ಹೋದವು. 1925ರ ಹೊತ್ತಿಗೆ ಅಲ್ಲಿ ಕಳ್ಳಿ ಆಕ್ರಮಿಸಿದ್ದ ಭೂಮಿ ಸುಮಾರು 6 ಕೋಟಿ ಎಕರೆ. ದಕ್ಷಿಣ ಅಮೆರಿಕದ ಒಂದು ಪತಂಗವನ್ನು ತಂದು ಬಿಟ್ಟು ಅದನ್ನು ಅಡಗಿಸಿದರು. ಆದರೆ ಅದೇ ಪತಂಗವನ್ನು 1957ರಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಒಯ್ದಾಗ, ಅದು ಅಲ್ಲಿಂದ ಹರಡಿ 1989ರಲ್ಲಿ ಅಮೆರಿಕದ ಫ್ಲಾರಿಡಾವನ್ನು ಸೇರಿ, ಅಲ್ಲಿ ಸಹಜವಾಗಿ ಬೆಳೆಯುವ ಕಳ್ಳಿಗಳಿಗೇ ಕಂಟಕವಾಯಿತು. ಔಷಧಕ್ಕೂ ಅಳತೆ ಬೇಕು, ರೋಗಿ ಯಾರೆಂಬ ತಿಳಿವಳಿಕೆ ಬೇಕು.

ಹೀಗೇಕೆ ಆಗುತ್ತದೆ?

ತನ್ನ ತವರಿನಲ್ಲಿ ಸಾಧುವಾಗಿದ್ದ ಗಿಡ ಇನ್ನೊಂದು ಕಡೆ ಏಕೆ ಮಾರಿಯಾಗುತ್ತದೆ? ಉತ್ತರ ಸರಳ. ಪ್ರತಿಯೊಂದು ಗಿಡಕ್ಕೂ ತನ್ನ ನಾಡಿನಲ್ಲಿ ಅದನ್ನು ತಿನ್ನುವ ಹುಳು, ಅದಕ್ಕೆ ತಗಲುವ ರೋಗ, ಅದರೊಡನೆ ಪೈಪೋಟಿ ನಡೆಸುವ ನೆರೆಯ ಗಿಡ ಇರುತ್ತವೆ. ಸಾವಿರಾರು ವರ್ಷ ಒಟ್ಟಿಗೆ ಬಾಳಿ ಒಂದರ ಮಿತಿಯನ್ನು ಇನ್ನೊಂದು ಕಾಯುತ್ತಿರುತ್ತದೆ. ಗಿಡ ಒಂದೇ ಹಡಗು ಹತ್ತಿ ಬಂದಾಗ ಆ ಕಾವಲುಗಾರರೆಲ್ಲ ಹಿಂದೆ ಉಳಿಯುತ್ತಾರೆ. ಬಂದ ಕಡೆ ಕಡಿದ ಕಾಡು, ಬೀಳುಬಿಟ್ಟ ಹೊಲ, ಅಗೆದ ರಸ್ತೆಬದಿ ದೊರೆತರಂತೂ ಅದರ ಹಬ್ಬುವಿಕೆಗೆ ತಡೆಯೇ ಇಲ್ಲ.

ಹಿಂದೆ ಈ ಸಂಚಾರಕ್ಕೆ ದೊಡ್ಡ ತಡೆಯೆಂದರೆ ದೂರವೇ. ಆಫ್ರಿಕವನ್ನು ಸುತ್ತಿಕೊಂಡು ಬರುವ ಹಡಗಿಗೆ ಐದಾರು ತಿಂಗಳು ಬೇಕು. ಉಪ್ಪುಗಾಳಿಗೆ ಗಿಡ ಒಣಗುತ್ತಿತ್ತು, ಹುಳು ಸಾಯುತ್ತಿತ್ತು. ಸಮುದ್ರವೇ ಒಂದು ಚೆಕ್‌ಪೋಸ್ಟ್ ಆಗಿತ್ತೆನ್ನಬಹುದು. 1830ರ ದಶಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಗಿಡವನ್ನು ಜೀವಂತ ಸಾಗಿಸುವ ಉಪಾಯ ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಮದ್ರಾಸಿನಲ್ಲಿ ಅಲೆಗಳ ಮೇಲೆ ದೋಣಿಯಲ್ಲಿ ಸರಕು ಇಳಿಸುತ್ತಿದ್ದ ಕಾಲ ಹೋಗಿ ಕೃತಕ ಬಂದರು ಎದ್ದಿತು. 1983ರಲ್ಲಿ ಅದೇ ಬಂದರಿನಲ್ಲಿ ಕಂಟೇನರ್ ನಿಲ್ದಾಣವೂ ಆರಂಭವಾಯಿತು. ಆ ಕಾವಲು ಹೀಗೆ ಒಂದೊಂದೇ ಮೆಟ್ಟಿಲಾಗಿ ಸಡಿಲವಾಯಿತು. ಜಾಗತೀಕರಣವೆಂಬ ದೊಡ್ಡ ಮಾತಿನ ಒಂದು ಅರ್ಥ ಇದೇ.

ಕಳ್ಳಿಯ ತಂಗಿ ತಮ್ಮಂದಿರು

ಕಳ್ಳಿಯ ಅನುಭವದಿಂದ ಸರ್ಕಾರಗಳು ಪಾಠ ಕಲಿತವೇ? 1876ರಲ್ಲಿ ಮದ್ರಾಸು ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ ಅವರು ಒಣಭೂಮಿಗೆ ಸೌದೆಯ ಮರ ಬೇಕೆಂದು ಸರ್ಕಾರಕ್ಕೆ ಬರೆದರು. ಜಮೈಕಾ ದ್ವೀಪದಿಂದ ಬೀಜ ಬಂತು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು. ಅದೇ ಇಂದು ನಾವು ಬಳ್ಳಾರಿ ಜಾಲಿಯೆಂದು ಕರೆಯುವ ಮರ. ತಮಿಳಿನಲ್ಲಿ ಇದಕ್ಕೆ ಸೀಮೈ ಕರುವೇಲಂ ಎಂದು ಹೆಸರು. ಅಮೆರಿಕದ ಮರಕ್ಕೆ ನಮ್ಮ ಬಳ್ಳಾರಿಯ ಹೆಸರೇಕೆ ಅಂಟಬೇಕು? ಹೆಸರಿಡುವಾಗಲೇ ತಪ್ಪನ್ನು ಪಕ್ಕದ ಊರಿನ ಮೇಲೆ ಹಾಕುವುದು ಮನುಷ್ಯ ಸ್ವಭಾವ!

ಈ ಮರ ಕೆರೆಯ ಅಂಗಳಗಳನ್ನು, ಹೊಳೆಯ ಪಾತ್ರಗಳನ್ನು, ಬೀಳುಭೂಮಿಯನ್ನು ನುಂಗಿತು. ಮದ್ರಾಸು ಉಚ್ಚ ನ್ಯಾಯಾಲಯದ ಮುಂದೆ ಇದರ ನಿರ್ಮೂಲನದ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ತಮಿಳುನಾಡು ಸರ್ಕಾರ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಒಂದು ನೀತಿಯನ್ನೇ ಪ್ರಕಟಿಸಿತು. ಆದರೆ ಕೀಳುವುದೂ ಸುಲಭವಲ್ಲ. ರಾಮನಾಥಪುರದಂಥ ಬರದ ಜಿಲ್ಲೆಗಳಲ್ಲಿ ಈ ಮರದ ಇದ್ದಿಲು ಸುಟ್ಟು ಮಾರಿ ಬದುಕುವ ಬಡವರು ಸಾವಿರಾರು ಮಂದಿ. ಒಂದೂವರೆ ಶತಮಾನ ಮನೆಯಲ್ಲಿದ್ದ ಮೇಲೆ ಮಾರಿಗೂ ಒಂದು ಮನೆವಾರ್ತೆ ಬೆಳೆದುಬಿಡುತ್ತದೆ.

ಲಂಟಾನದ ಕಥೆಯೂ ಹೀಗೆಯೇ. 19ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಉದ್ಯಾನಕ್ಕೆ ಚೆಲುವಾದ ಹೂವೆಂದು ತಂದದ್ದು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ಅದು ಹೊದಿಕೆಯಂತೆ ಮುಚ್ಚಿದೆ. ಅದರ ಕೆಳಗೆ ಹುಲ್ಲು ಬೆಳೆಯದು, ಮರದ ಸಸಿ ಏಳದು. ಜಿಂಕೆ ಕಾಟಿಗಳಿಗೆ ಮೇವಿಲ್ಲ. ಬೇಸಗೆಯಲ್ಲಿ ಒಣಗಿದರೆ ಅದೇ ಕಾಡ್ಗಿಚ್ಚಿನ ಸೌದೆ. ಬಿಳಿಗಿರಿ ಬೆಟ್ಟದ ಸೋಲಿಗರು ತಲೆತಲಾಂತರದಿಂದ ಬೇಸಗೆಯ ಮೊದಲಲ್ಲಿ ‘ತರಗು ಬೆಂಕಿ’ ಎಂಬ ಚಿಕ್ಕ ಬೆಂಕಿಯಿಟ್ಟು ಕಾಡಿನ ನೆಲವನ್ನು ಹಸನು ಮಾಡುತ್ತಿದ್ದರು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹೆಚ್ಚಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರಲ್ಲಿಯೂ ಹಲವರು ಈ ಮಾತಿಗೆ ಬೆಲೆ ಕೊಟ್ಟಿದ್ದಾರೆ. ಮಹದೇಶ್ವರ ಬೆಟ್ಟದ ಕಡೆ ಅದೇ ಲಂಟಾನದ ಕೋಲಿನಿಂದ ಕುರ್ಚಿ ಮೇಜು ಹೆಣೆದು ಸೋಲಿಗರು ನಾಲ್ಕು ಕಾಸು ಕಾಣುತ್ತಿದ್ದಾರೆಂಬುದಷ್ಟೇ ಸಮಾಧಾನ.

ಇನ್ನು ಕಾಂಗ್ರೆಸ್ ಹುಲ್ಲೆಂದು ನಾವು ಕರೆಯುವ ಪಾರ್ಥೇನಿಯಂ 1955ರ ಹೊತ್ತಿಗೆ ಪುಣೆಯಲ್ಲಿ ಕಾಣಿಸಿಕೊಂಡಿತು. ಆಮದಾದ ಗೋಧಿಯೊಡನೆ ಅದರ ಬೀಜ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಮೈ ತುರಿಕೆ, ಉಬ್ಬಸಗಳಿಗೆ ಕಾರಣವಾದ ಈ ಗಿಡ ಕರ್ನಾಟಕದ ಯಾವ ಖಾಲಿ ನಿವೇಶನವನ್ನೂ ಬಿಟ್ಟಿಲ್ಲ. ಇದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಗಿಡ ಕೆಲವು ಕಡೆ ಕಡಿಮೆಯಾಯಿತು. ಆದರೆ ನಿರ್ಮೂಲವಾಗಲಿಲ್ಲ.

ನಮ್ಮ ಕಣ್ಣೆದುರಿನ ಕಾಲ

ಈಗ ಬರುವ ಅತಿಥಿಗಳನ್ನು ಯಾರೂ ಕರೆದು ತರಬೇಕಾಗಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಗಿಡದ ಹಿಟ್ಟು ತಿಗಣೆ ಕಾಣಿಸಿತು. ಇದೂ ಮೆಕ್ಸಿಕೋ ಸೀಮೆಯದೇ. ಪರಂಗಿ, ಮರಗೆಣಸುಗಳನ್ನಲ್ಲದೆ ಹಿಪ್ಪುನೇರಳೆಯನ್ನೂ ಹಿಡಿದು ತಮಿಳುನಾಡು, ಕರ್ನಾಟಕಗಳ ರೇಷ್ಮೆ ಬೆಳೆಗಾರರ ಕಣ್ಣಲ್ಲಿ ನೀರು ತರಿಸಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯವರು ಪೋರ್ಟೊರಿಕೋದಿಂದ ಒಂದು ಅತಿ ಚಿಕ್ಕ ಕಣಜವನ್ನು ತರಿಸಿ, ಅದು ಬೇರೆ ಜೀವಿಗಳಿಗೆ ತೊಂದರೆ ಕೊಡುವುದಿಲ್ಲವೆಂದು ಪರೀಕ್ಷಿಸಿ, ಬಳಿಕ ಬಿಟ್ಟರು. ತಿಗಣೆ ಅಡಗಿತು. ಕಳ್ಳಿಗೆ 140 ವರ್ಷ ಹಿಡಿದ ಕೆಲಸ ಇಲ್ಲಿ ಎರಡೇ ವರ್ಷಕ್ಕೆ ಆಯಿತು. ವಿಜ್ಞಾನಕ್ಕೆ ಸಲ್ಲಬೇಕಾದ ಗೌರವವನ್ನು ನಾವು ಸಲ್ಲಿಸಲೇಬೇಕು.

ಮೆಕ್ಕೆಜೋಳದ ಸೈನಿಕ ಹುಳುವಿನ ವಿಷಯದಲ್ಲಿ ಅಷ್ಟು ಅದೃಷ್ಟವಿರಲಿಲ್ಲ. ಅಮೆರಿಕದ ಈ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿತು. 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರೇ ಅದನ್ನು ಗುರುತಿಸಿದರು. ನೋಡನೋಡುತ್ತ ಅದು ದೇಶವನ್ನೂ ನೆರೆಯ ದೇಶಗಳನ್ನೂ ವ್ಯಾಪಿಸಿತು. ಮೆಕ್ಕೆಜೋಳವೂ ಅಮೆರಿಕದ್ದೇ ಅಲ್ಲವೇ? ಶತಮಾನಗಳ ಹಿಂದೆ ಶತ್ರುವನ್ನು ಬಿಟ್ಟು ಬಂದ ಬೆಳೆಯನ್ನು ಶತ್ರು ಈಗ ವಿಳಾಸ ಹುಡುಕಿಕೊಂಡು ಬಂದು ಸೇರಿದೆ. ಔಷಧ ಸಿಂಪಡಿಸುವ ಖರ್ಚು ಮಾತ್ರ ಶಿವಮೊಗ್ಗ, ದಾವಣಗೆರೆಗಳ ರೈತನ ತಲೆಯ ಮೇಲೆ.

ನಮ್ಮ ಬಾಗಿಲಿಗೇ ಬರೋಣ. ಸೌಕಾರ್‌ಪೇಟೆಗೆ ಉತ್ತರದಲ್ಲಿ ಎಣ್ಣೂರಿನ ಅಳಿವೆಯೂ ಪಳವೇರ್ಕಾಡಿನ ಸರೋವರವೂ ಇವೆ. ಅಲ್ಲಿನ ನೀರಿನ ತಳವನ್ನು ಕೆಲವು ವರ್ಷಗಳಿಂದ ದಕ್ಷಿಣ ಅಮೆರಿಕದ ಒಂದು ಚಿಪ್ಪುಜೀವಿ ಆವರಿಸುತ್ತಿದೆ. ಅಲ್ಲಿನ ಬೆಸ್ತರು ಇದನ್ನು ಕಾಕ್ಕಾ ಆಳಿ ಎನ್ನುತ್ತಾರೆ. ಇದು ಕಂಬಳಿಯಂತೆ ಹರಡಿ, ಸೀಗಡಿ ಬದುಕುವ ಮಣ್ಣನ್ನೂ ಸ್ಥಳೀಯ ಚಿಪ್ಪುಗಳನ್ನೂ ಮುಚ್ಚಿಬಿಡುತ್ತದೆ. ಕೈಯಿಂದ ತಡವಿ ಸೀಗಡಿ ಹಿಡಿಯುವ ಬಡವರ ಅನ್ನಕ್ಕೆ ಕಲ್ಲು ಬಿತ್ತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದವರೆಗೆ ಹೋಯಿತು. ಇದು ಹಡಗುಗಳ ಮೂಲಕ ಬಂದಿರಬೇಕೆಂಬುದು ತಜ್ಞರ ಅಭಿಪ್ರಾಯ. ಸರಕಿಲ್ಲದ ಹಡಗು ಓಲಾಡದಂತೆ ತನ್ನ ಹೊಟ್ಟೆಯಲ್ಲಿ ಸಮುದ್ರದ ನೀರನ್ನು ತುಂಬಿಕೊಂಡು ಹೊರಡುತ್ತದೆ. ಇನ್ನೊಂದು ಬಂದರಿನಲ್ಲಿ ಅದನ್ನು ಸುರಿಯುತ್ತದೆ. ಆ ನೀರಿನಲ್ಲಿ ಎಷ್ಟೋ ಮೊಟ್ಟೆ ಮರಿಗಳು ಪ್ರಯಾಣ ಮಾಡುತ್ತವೆ. ಇದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವೊಂದು 2004ರಲ್ಲಿ ರಚಿತವಾಗಿ, ಜಾರಿಗೆ ಬಂದದ್ದು 2017ರಲ್ಲಿ. ಹಡಗಿಗೆ ಮೂರು ವಾರ ಸಾಕು, ಒಪ್ಪಂದಕ್ಕೆ ಹದಿಮೂರು ವರ್ಷ ಬೇಕಾಯಿತು.

ಲಾಭ ಯಾರ ಖಾತೆಗೆ?

ಜೀವವೈವಿಧ್ಯದ ಬಗ್ಗೆ ವಿಚಾರಿಸುವ ಅಂತರಸರ್ಕಾರಿ ವೇದಿಕೆಯೊಂದು 2023ರಲ್ಲಿ ಪ್ರಪಂಚದ ಲೆಕ್ಕ ತೆಗೆಯಿತು. ಮನುಷ್ಯನ ಕೈಯಿಂದ ತವರು ಬಿಟ್ಟು ಬೇರೆಡೆ ನೆಲೆಸಿದ ಜೀವಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರವಾದವು 3,500ಕ್ಕೂ ಮೇಲ್ಪಟ್ಟು. 2019ರ ಒಂದೇ ವರ್ಷದ ನಷ್ಟ 423 ಶತಕೋಟಿ ಡಾಲರುಗಳಿಗೂ ಹೆಚ್ಚು. ಜಗತ್ತಿನಲ್ಲಿ ದಾಖಲಾದ ಜೀವಜಾತಿಗಳ ಅಳಿವಿನಲ್ಲಿ ನೂರಕ್ಕೆ 60ರಲ್ಲಿ ಇವುಗಳ ಪಾತ್ರವಿದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. 37,000ದಲ್ಲಿ ಕೆಟ್ಟವು ಹತ್ತರಲ್ಲಿ ಒಂದರಷ್ಟು ಮಾತ್ರ. ಬರುವುದೇ ಅಪರಾಧವಲ್ಲ. ಮೆಣಸಿನಕಾಯಿ ನಮ್ಮ ಹೊಲದಲ್ಲಿ ರೈತನ ಆರೈಕೆಯಿಲ್ಲದೆ ಒಂದು ವರ್ಷವೂ ಬಾಳದು. ಅದು ನಮ್ಮ ಮೇಲೆ ಆತುಕೊಂಡಿದೆ. ಕಳ್ಳಿಗೆ ಯಾರ ಹಂಗೂ ಬೇಕಿರಲಿಲ್ಲ. ವ್ಯತ್ಯಾಸ ಇಲ್ಲಿದೆ. ಆದುದರಿಂದ ಗಿಡಗಳ ಈ ಮಾತನ್ನು ಮನುಷ್ಯರಿಗೆ ಅನ್ವಯಿಸಿ, ಬೇರೆ ಭಾಷೆಯವರೆಲ್ಲ ಕಳೆಯೆಂದು ಯಾರಾದರೂ ವಾದಿಸಿದರೆ ಅದು ವಿಜ್ಞಾನವೂ ಅಲ್ಲ, ಸೌಜನ್ಯವೂ ಅಲ್ಲ. ಮನುಷ್ಯ ಬಂದ ಊರಿನ ಭಾಷೆ ಕಲಿಯುತ್ತಾನೆ, ತೆರಿಗೆ ಕೊಡುತ್ತಾನೆ, ನೆರೆಯವರ ಕಷ್ಟಸುಖಕ್ಕೆ ಆಗುತ್ತಾನೆ. ಕಳ್ಳಿಗೆ ಇದು ಬಾರದು.

ಗುಮಾಸ್ತನ ಕಣ್ಣಿಗೆ ಈ ಇಡೀ ಇತಿಹಾಸದಲ್ಲಿ ಎದ್ದು ಕಾಣುವ ಸಂಗತಿ ಒಂದೇ. ಲಾಭ ಒಂದು ಖಾತೆಗೆ ಹೋಗುತ್ತದೆ, ಖರ್ಚು ಇನ್ನೊಂದು ಖಾತೆಗೆ ಬೀಳುತ್ತದೆ. ಕಳ್ಳಿ ತೋಟಕ್ಕೆ ಮಂಜೂರಾತಿ ಕೊಟ್ಟವರು ಮುಳ್ಳು ಕಡಿಯಲಿಲ್ಲ. ಹಡಗಿನ ನೀರನ್ನು ಸುರಿದವರು ಎಣ್ಣೂರಿನಲ್ಲಿ ಸೀಗಡಿ ಹಿಡಿಯುವುದಿಲ್ಲ. ಲಂಟಾನವನ್ನು ಮೆಚ್ಚಿದವರು ಸೋಲಿಗರಲ್ಲ. ಯಾರನ್ನು ಕೇಳದೆ ತಂದರೋ ಅವರೇ ಕೊನೆಗೆ ತೆರುತ್ತಾರೆ. ಡಾಕ್ಟರ್ ಆಂಡರ್ಸನ್ ದುಷ್ಟರಲ್ಲ. ಊರಿಗೆ ಒಂದು ಹೊಸ ಕಸುಬು ತರಬೇಕೆಂದು ದುಡಿದವರು. ಒಳ್ಳೆಯ ಮನಸ್ಸಿನಿಂದ ತಂದರೂ ಮುಳ್ಳು ಮುಳ್ಳೇ ಎಂಬುದು ಅವರ ಕಥೆಯ ಪಾಠ.

ನಾವೇನು ಮಾಡಬಹುದು?

ಬಾಗಿಲಲ್ಲಿ ತಡೆಯುವುದು ಒಳಗೆ ಬಂದ ಮೇಲೆ ಅಟ್ಟುವುದಕ್ಕಿಂತ ಎಷ್ಟೋ ಅಗ್ಗ. ಅದಕ್ಕಾಗಿಯೇ ನಮ್ಮಲ್ಲಿ 1914ರಷ್ಟು ಹಿಂದೆಯೇ ಹಾನಿಕರ ಕೀಟಗಳ ಕಾಯಿದೆ ಬಂತು. ಸಸ್ಯಗಳ ಆಮದಿಗೆ 2003ರ ಆಜ್ಞೆಯಿದೆ. ಮೀನಂಬಾಕ್ಕಂನಲ್ಲಿ ಸಸ್ಯ ತಪಾಸಣೆಯ ಪ್ರಾದೇಶಿಕ ಕೇಂದ್ರವಿದೆ. ಆದರೆ ಕಾಯಿದೆಯ ಕಣ್ಣು ಪ್ರತಿಯೊಬ್ಬರ ಕೈಚೀಲದೊಳಗೆ ಇಣುಕಲಾರದು.

ನಮ್ಮ ಸಂಘದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕ, ಸಿಂಗಪುರ, ಆಸ್ಟ್ರೇಲಿಯಗಳಲ್ಲಿದ್ದಾರೆ. ಹೋಗಿಬರುವಾಗ ‘ಅಲ್ಲಿಯ ಹೂವಿನ ಬೀಜ ಚೆನ್ನಾಗಿತ್ತು, ಎರಡು ತಂದೆ’ ಎನ್ನುವವರುಂಟು. ಇಲ್ಲಿಂದ ಕರಿಬೇವಿನ ಸಸಿಯನ್ನೋ ಹಸಿ ಎಲೆಯನ್ನೋ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಒಯ್ಯುವ ತಾಯಂದಿರೂ ಉಂಟು. ಆ ದೇಶದ ಅಧಿಕಾರಿಗಳು ಕಿತ್ತಿಟ್ಟುಕೊಂಡರೆ ಬೇಸರಪಡಬಾರದು. ಅವರ ನೆಲವನ್ನು ಅವರು ಕಾಯುತ್ತಿದ್ದಾರೆ. ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಸಾಕಿದ ವಿದೇಶಿ ಮೀನು, ಆಮೆಗಳು ಬೇಡವಾದಾಗ ಕೆರೆಗೋ ಕಾಲುವೆಗೋ ಬಿಡುವುದು ಪುಣ್ಯದ ಕೆಲಸವೆಂದು ಕೆಲವರು ತಿಳಿದಿದ್ದಾರೆ. ಅದು ಪುಣ್ಯವಲ್ಲ. ಮಾರಿದ ಅಂಗಡಿಗೇ ಹಿಂದಿರುಗಿಸುವುದು ಮೇಲು. ಊರಿನಲ್ಲಿ ಹೊಲ ಉಳಿಸಿಕೊಂಡವರು ಹೊಸ ಬೇಲಿ ಹಾಕುವಾಗ ಬೇಗ ಬೆಳೆಯುವ ವಿದೇಶಿ ಮುಳ್ಳಿನ ಬದಲು ನಮ್ಮ ಹಳೆಯ ಬೇಲಿಗಿಡಗಳನ್ನು ನೆನೆಯಬಹುದು.

ಹೊಸದನ್ನು ತರಬೇಡಿರೆಂದು ಯಾರೂ ಹೇಳುವುದಿಲ್ಲ. ತರುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಇದರ ಮಿತಿಯನ್ನು ಕಾಯುವವರು ಇಲ್ಲಿ ಯಾರಿದ್ದಾರೆ? ಇದು ಕೈತಪ್ಪಿದರೆ ತೆರುವವರು ಯಾರು? ಅವರನ್ನು ಒಂದು ಮಾತು ಕೇಳಿದ್ದೇವೆಯೇ? 1789ರಲ್ಲಿ ಸೈದಾಪೇಟೆಯ ಕಡತದಲ್ಲಿ ಈ ಮೂರು ಪ್ರಶ್ನೆಗಳಿಗೆ ಜಾಗವಿರಲಿಲ್ಲ. ಇಂದಿನ ಕಡತಗಳಲ್ಲಾದರೂ ಇರಬೇಕು.